ಒಂದು ಕಾಳು ಗೋಧಿ

“ಒಂದು ಕಾಳು ಗೋಧಿ ಇರಬಾರದು, ಚಮನಬಿ. ಕಾಳು ಅಂದ್ರ ಕಾಳು. ಹಿಟ್ಟಿನ ಧೂಳಿ ಸೈತ ಬೀಳಬಾರದು.”

ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಚಮನಬಿಯ ಬೆರಳು ನಿಂತಿತು. ಬ್ಯಾಡಗಿಯ ಆ ಉದ್ದನೆಯ ಗೋದಾಮಿನಲ್ಲಿ ಅವಳ ಎಡಬಲಕ್ಕೆ ಸಾಲಾಗಿ ಕುಳಿತಿದ್ದ ಹೆಂಗಸರೆಲ್ಲ ತಲೆಯೆತ್ತಿದರು. ಗೋದಾಮಿನ ಒಡೆಯರಾದ ಇಸ್ಮಾಯಿಲಸಾಬರು ಹೆಂಗಸರು ಕುಳಿತಲ್ಲಿಗೆ ಬರುವವರಲ್ಲ. ಏನಾದರೂ ಹೇಳುವುದಿದ್ದರೆ ಗುಮಾಸ್ತನ ಕೈಯಲ್ಲಿ ಹೇಳಿ ಕಳಿಸುವರು. ಈ ದಿನ ತಾವೇ ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ಕೆಂಪು ರಾಶಿಗಳ ನಡುವೆ ದಾರಿ ಮಾಡಿಕೊಂಡು ಬಂದು ನಿಂತಿದ್ದರು.

ಬರುವ ಭಾನುವಾರ ಅವರ ಮೊಮ್ಮಗನ ಐದನೆಯ ಹುಟ್ಟುಹಬ್ಬ. ಇಪ್ಪತ್ತೈದು ಮಕ್ಕಳಿಗೆ ಊಟ. ಮೆಣಸಿನಕಾಯಿಯ ಸುಗ್ಗಿಯಲ್ಲಿ ತೊಟ್ಟು ಬಿಡಿಸುವ ಚಮನಬಿ, ಊರಿನ ಮುಸಲ್ಮಾನರ ಮನೆಗಳಲ್ಲಿ ಸಣ್ಣಪುಟ್ಟ ಕಾರ್ಯಗಳಿದ್ದರೆ ಅಡಿಗೆಯವಳೂ ಹೌದು. ಹುಟ್ಟುಹಬ್ಬದ ಸುದ್ದಿ ಕಿವಿಗೆ ಬಿದ್ದಾಗಲೇ ಅವಳು ಮನಸ್ಸಿನಲ್ಲಿ ಒಲೆ ಹೊತ್ತಿಸಿಯಾಗಿತ್ತು. ಪೂರಿ, ಗೋಧಿರವೆಯ ಶೀರಾ, ಶಾವಿಗೆಯ ಪಾಯಸ. ಕೇಕನ್ನಂತೂ ಅವರು ರಾಣೆಬೆನ್ನೂರಿನ ಬೇಕರಿಯಿಂದ ತರಿಸುತ್ತಾರೆ. ಈಗ ಇವರು ಗೋಧಿಯೇ ಬೇಡವೆಂದರೆ ಉಳಿಯುವುದೇನು?

“ಹರಕಿ ಏನರ ಹೊತ್ತೀರೇನ್ರಿ, ಸಾವ್ಕಾರ್ರ?” ಎಂದು ಕೇಳಿದಳು.

“ಹರಕಿ ಅಲ್ಲವಾ. ನನ್ನ ಮಗಳು ಮೈಮುನಾ ಮಕ್ಕಳನ್ನ ಕರಕೊಂಡು ಬರಾಕತ್ತಾಳ, ರಾಣೆಬೆನ್ನೂರಿಂದ. ಆಕಿ ಎರಡೂ ಮಕ್ಕಳಿಗೆ ಗೋಧಿ ಆಗಿಬರೂದಿಲ್ಲ.”

ಪಕ್ಕದಲ್ಲಿ ಕುಳಿತಿದ್ದ ಪ್ರೇಮವ್ವ ಬಾಯಿಗೆ ಸೆರಗು ಹಿಡಿದು, ಆದರೂ ಎಲ್ಲರಿಗೂ ಕೇಳುವಂತೆ ಅಂದಳು: “ನಮಗ ಗೋಧಿ ಸಿಗೂದಿಲ್ಲ, ಅವರಿಗೆ ಗೋಧಿ ಆಗಿಬರೂದಿಲ್ಲ. ದೇವರ ಹಂಚಿಕಿ ನೋಡ್ರೆವ್ವಾ.” ಹೆಂಗಸರು ನಕ್ಕರು. ಇಸ್ಮಾಯಿಲಸಾಬರೂ ನಕ್ಕರು, ಆದರೆ ಆ ನಗೆ ಬೇಗ ಆರಿತು. ಎರಡು ವರ್ಷಗಳಿಂದ ಮಗಳು ಯಾವ ಕಾರ್ಯಕ್ಕೂ ಮಕ್ಕಳನ್ನು ಕರೆತಂದಿಲ್ಲವೆಂದೂ, ಬಂದರೂ ಒಳಗಿನ ಕೋಣೆಯಲ್ಲಿ ಕದ ಹಾಕಿಕೊಂಡು ಡಬ್ಬಿಯ ಅನ್ನ ಉಣ್ಣಿಸುತ್ತಾಳೆಂದೂ ಹೇಳಿದರು. ಈ ಸಲ ಆ ಎರಡೂ ಕೂಸುಗಳು ಎಲ್ಲ ಮಕ್ಕಳ ಸಾಲಿನಲ್ಲಿ ಕುಳಿತು, ಎಲ್ಲರೂ ತಿನ್ನುವುದನ್ನೇ ತಿನ್ನಬೇಕು. ಅದಕ್ಕೆ ಯಾರಿಗೂ ಗೋಧಿ ಇಲ್ಲ. ಹುಬ್ಬಳ್ಳಿಯಿಂದ ಅಡಿಗೆಯವರನ್ನು ಕರೆಸೋಣವೆಂದು ಮಗ ಅಂದಿದ್ದನಂತೆ, ಇವರೇ ಬೇಡವೆಂದರಂತೆ.

“ಅವರಿಗೆ ಹೇಳಿದರ ಹೂಂ ಅಂತಾರ, ಮಾಡೂದು ತಮ್ಮಂಗ ಮಾಡತಾರ. ನೀ ಹೂಂ ಅಂದ್ರ ಹೂಂ,” ಎಂದು ಹೇಳಿ, ಕೆಮ್ಮುತ್ತ ಹೊರಟುಹೋದರು.

ಆ ಸೀಮೆಯಲ್ಲಿ ಗೋಧಿಯೆಂದರೆ ಏನೆಂದು ಬೇರೆ ಕಡೆಯವರಿಗೆ ಸ್ವಲ್ಪ ಹೇಳಬೇಕು. ದಿನದ ಊಟಕ್ಕೆ ಜೋಳ. ಬೆಳಿಗ್ಗೆ ರೊಟ್ಟಿ, ಸಂಜೆ ರೊಟ್ಟಿ, ನಡುವೆ ನುಚ್ಚು. ಗೋಧಿ ಮನೆಗೆ ಬರುವುದು ಹಬ್ಬಕ್ಕೆ, ಬೀಗರಿಗೆ, ಬಾಣಂತಿಗೆ, ಕಾಯಿಲೆಯವರಿಗೆ. ಯಾರ ಮನೆಯಲ್ಲಾದರೂ ಜ್ವರ ಬಿಟ್ಟ ಮಗುವಿದ್ದರೆ ನೆರೆಯವರು ಒಂದು ಬಟ್ಟಲು ಗೋಧಿರವೆ ಕೊಟ್ಟು ಹೋಗುತ್ತಿದ್ದರು. ಅದಕ್ಕಿಂತ ದೊಡ್ಡ ಉಪಕಾರವಿರಲಿಲ್ಲ. ಹೀಗಿರುವಾಗ ಗೋಧಿ ಆಗಿಬರದ ಮಕ್ಕಳಿವೆಯೆಂದರೆ ಚಮನಬಿಗೆ ನಂಬಿಕೆಯಾಗಲಿಲ್ಲ. ಸಾಹುಕಾರರ ಮನೆಯ ಮಕ್ಕಳ ನಾಜೂಕು ಇರಬೇಕು ಅಂದುಕೊಂಡಳು.

ಶುಕ್ರವಾರ ಮಧ್ಯಾಹ್ನ ಅವಳು ಸಾಮಾನಿನ ಪಟ್ಟಿ ಹೇಳಲು ಇಸ್ಮಾಯಿಲಸಾಬರ ಮನೆಗೆ ಹೋದಾಗ ಮೈಮುನಾ ಆಗಲೇ ಬಂದಿದ್ದಳು. ಅಡಿಗೆಮನೆಯಲ್ಲಿ ಇಸ್ಮಾಯಿಲಸಾಬರ ಸೊಸೆ ಸಕೀನಾಬಿ, ಹುಟ್ಟುಹಬ್ಬದ ಹುಡುಗನ ತಾಯಿ, ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ಆ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಸಕೀನಾಬಿಯದು ಪೂರಾ ಕನ್ನಡ; ಚಮನಬಿಯನ್ನು ಚಿಕ್ಕಮ್ಮನೆಂದು ಕರೆಯುವ ‘ಖಾಲಾ’ ಒಂದೇ ಉರ್ದು.

“ಹುಟ್ಟುಹಬ್ಬಕ್ಕ ಕರದು ಜ್ವಾಳದ ವಡಿ ತಿನ್ನಸತಾರ ಅಂತ ಪ್ಯಾಟ್ಯಾಗ ಮಾತಾಡತಾರ, ಖಾಲಾ. ಇದ್ದವರ ಮನಿ ಅಂತಾರ, ಪೂರಿ ಕರಿಯಾಕ ಗತಿ ಇಲ್ಲೇನು ಅಂತಾರ.”

ಸೊಸೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮೈಮುನಾ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಮಕ್ಕಳನ್ನು ಕರೆತಂದದ್ದೇ ತಪ್ಪಾಯಿತೇನೋ ಎಂಬಂಥ ಮುಖ. ಅವಳ ಸೆರಗು ಹಿಡಿದುಕೊಂಡು ಆರು ವರ್ಷದ ಹುಡುಗಿ ಮುನೀರಾ, ಸೊಂಟದ ಮೇಲೆ ಮೂರು ವರ್ಷದ ಗಂಡುಕೂಸು. ಸಕೀನಾಬಿ ಕೊಡ ಎತ್ತಿಕೊಂಡು ಹೊರಗೆ ಹೋದ ಮೇಲೆ ಮೈಮುನಾ ಒಳಗೆ ಬಂದು ಚಮನಬಿಯ ಎದುರು ಕುಳಿತಳು.

“ಸೊಕ್ಕಿಲೆ ಅಲ್ಲ, ಖಾಲಾ,” ಎಂದಳು. “ಖರೇನ ಆಗಿಬರೂದಿಲ್ಲ.”

ಆಮೇಲೆ ಮೆಲ್ಲನೆ ಎಲ್ಲವನ್ನೂ ಹೇಳಿದಳು. ಮುನೀರಾ ಒಂದು ವರ್ಷದ ತನಕ ಗುಂಡುಗುಂಡಗೆ ಇದ್ದಳು. ಮೊಲೆ ಬಿಡಿಸಿ ಗೋಧಿರವೆಯ ಗಂಜಿ ಹಾಕತೊಡಗಿದ್ದೇ ತಡ, ಕೂಸು ಸೊರಗುತ್ತ ಬಂತು. ಹೊಟ್ಟೆ ಗಡಿಗೆಯಂತೆ ಉಬ್ಬಿತು, ಕೈಕಾಲು ಕಡ್ಡಿಯಾದವು. ಕೂದಲು ಮೆಕ್ಕೆಜೋಳದ ತೆನೆಯ ರೇಶಿಮೆಯಂತೆ ಕೆಂಚಗಾಯಿತು. ದಿನಕ್ಕೆ ಹತ್ತು ಸಲ ಹೊರಕಡೆ. ಬಿಳಿಚಿಕೊಂಡ, ತಡೆಯಲಾರದ ವಾಸನೆಯ ಮಲ. ನಗುವುದನ್ನೇ ಮರೆತಿತ್ತು, ಯಾರು ಮುಟ್ಟಿದರೂ ಅಳು. ಕೊನೆಗೆ ಮಣಿಪಾಲಕ್ಕೆ ಹೋಗಿ, ಅಲ್ಲಿ ಹೊಟ್ಟೆಯೊಳಗೆ ನಳಿಗೆ ಬಿಟ್ಟು ನೋಡಿ ಹೇಳಿದರು. ಔಷಧವೇನೂ ಇಲ್ಲ, ಗೋಧಿ ಬಿಡಿಸಿರಿ ಅಂದರು. ಬಿಡಿಸಿದ ಒಂದೇ ತಿಂಗಳಿಗೆ ಹುಡುಗಿ ಓಡಾಡತೊಡಗಿದಳು. ಆಮೇಲೆ ಹುಟ್ಟಿದ ತಮ್ಮನಿಗೂ ಅದೇ.

ಚಮನಬಿ ಕೇಳುತ್ತ ಕುಳಿತಿದ್ದಳು. ಮೊದಲು ಅವಳ ಕಣ್ಣು ಹುಡುಗಿಯ ಮೇಲಿತ್ತು. ಆಮೇಲೆ ಹುಡುಗಿಯ ಮೇಲೂ ಇರಲಿಲ್ಲ. ಗಡಿಗೆಯಂಥ ಹೊಟ್ಟೆ, ಕೆಂಚುಗೂದಲು, ಆ ವಾಸನೆ. ಇಪ್ಪತ್ತಾರು ವರ್ಷಗಳ ಹಿಂದೆ ತಾನು ತೊಳೆದ ಬಟ್ಟೆಗಳ ವಾಸನೆ ಮೂಗಿಗೆ ಬಂದಂತಾಯಿತು.

“ಜ್ವಾಳ ನಡೀತದೇನು?” ಎಂದು ಕೇಳಿದಳು. ಕೇಳುವಾಗ ದನಿ ನೆಟ್ಟಗೇ ಇತ್ತು.

“ನಡೀತದ. ಅಕ್ಕಿ ನಡೀತದ. ಗೋಧಿ ಒಂದ ಇಲ್ಲ.”

“ಈ ರೋಗ ಮೊದಲಿನ ಕಾಲದಾಗೂ ಇತ್ತೇನ, ಬೇಟಿ?”

“ಇದ್ದಿರಬೇಕು, ಖಾಲಾ. ಡಾಕ್ಟರ್ ಅಂದ್ರು, ಎಷ್ಟೋ ಕೂಸುಗಳು ಹಿಂಗ ಸೊರಗಿ ಹೋಗಿರತಾವ, ಯಾಕ ಹೋದ್ವು ಅಂತ ಹಡದವರಿಗೂ ಗೊತ್ತಾಗಿರೂದಿಲ್ಲ ಅಂತ.”

ಚಮನಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಗೋದಾಮಿನಿಂದ ನೇರವಾಗಿ ಬಂದಿದ್ದಳು. ಖಾರದ ಕೈ ಕಣ್ಣಿಗೆ ತಾಗಿತೆಂದು ಮೈಮುನಾ ತಿಳಿದು ಒಂದು ತಂಬಿಗೆ ನೀರು ತಂದುಕೊಟ್ಟಳು.

ಆದರೆ ಮೈಮುನಾಳ ದುಃಖ ಇನ್ನೂ ಮುಗಿದಿರಲಿಲ್ಲ. ಗೋಧಿ ಮುಟ್ಟಿಸದಿದ್ದರೂ ಒಮ್ಮೊಮ್ಮೆ ಮಕ್ಕಳ ಹೊಟ್ಟೆ ಕೆಡುತ್ತಿತ್ತು. ಮನೆಯ ರೊಟ್ಟಿಯನ್ನೇ ಉಂಡರೂ ವಾರಗಟ್ಟಲೆ ಮಲಗುತ್ತಿದ್ದವು. ನೀನೇ ಕದ್ದು ಏನೋ ತಿನ್ನಿಸುತ್ತೀ ಎಂದು ಅತ್ತೆ ಅನ್ನುತ್ತಿದ್ದಳು. ಗಂಡ ಬಾಯಿಬಿಟ್ಟು ಅನ್ನದಿದ್ದರೂ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಿದ್ದ. ರಾಣೆಬೆನ್ನೂರಿನ ಆ ದೊಡ್ಡ ಮನೆಯಲ್ಲಿ ತಾನು ಅಡಿಗೆಮನೆಗೆ ಹೋದರೆ ಯಾರಾದರೊಬ್ಬರು ಹಿಂದೆ ಬಂದು ನಿಲ್ಲುತ್ತಾರೆ ಎಂದಳು ಮೈಮುನಾ.

ಅಡಿಗೆಮನೆಯ ಮೂಲೆಯಲ್ಲಿ ಸಕೀನಾಬಿ ನಿನ್ನೆಯೇ ಬೀಸಿಸಿ ತರಿಸಿದ್ದ ಜೋಳದ ಹಿಟ್ಟಿನ ಡಬ್ಬಿ ಇತ್ತು. ಸಿಟ್ಟಿದ್ದರೂ ಕೆಲಸಕ್ಕೆ ಹಿಂದೆಬಿದ್ದವಳಲ್ಲ ಆ ಸೊಸೆ. ಚಮನಬಿ ಎದ್ದು ಮುಚ್ಚಳ ತೆಗೆದು, ಹಿಟ್ಟನ್ನು ಚಿಟಿಕೆಯಲ್ಲಿ ಹಿಡಿದು ತಿಕ್ಕಿ ನೋಡಿದಳು.

“ರಾಣೆಬೆನ್ನೂರಾಗ ಹಿಟ್ಟು ಎಲ್ಲಿ ಬೀಸಸತಿ?”

“ಗಿರಣ್ಯಾಗ. ಮತ್ತೆಲ್ಲಿ?”

“ನಿನ್ನ ಮುಂದಿನ ಪಾಳೇದವರು ಏನು ಬೀಸಿರತಾರ?”

ಮೈಮುನಾ ತಿರುಗಿ ಹಿಟ್ಟಿನ ಡಬ್ಬಿಯ ಕಡೆ ನೋಡಿದಳು. ಗಿರಣಿಯೊಳಗೆ ಯಾರ ಹಿಟ್ಟೂ ಪೂರಾ ಅವರದೇ ಅಲ್ಲ. ಮುಂದಿನವರ ಹಿಟ್ಟು ಒಂದು ಹಿಡಿ ಕಲ್ಲಿನಲ್ಲಿ ಉಳಿದು ನಮ್ಮ ಡಬ್ಬಿಗೆ ಬೀಳುತ್ತದೆ, ನಮ್ಮದೊಂದು ಹಿಡಿ ಹಿಂದಿನವರ ಡಬ್ಬಿಗೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂದು ಯಾರೂ ಜಗಳವಾಡುವುದಿಲ್ಲ. ಹಾಗೆ ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಯಾರಿಗೂ ಹೊಳೆದಿರಲಿಲ್ಲ. ಮೈಮುನಾ ಮೊಣಕಾಲ ಮೇಲೆ ಹಣೆಯಿಟ್ಟು ಸದ್ದಿಲ್ಲದೆ ಅತ್ತಳು. ಚಮನಬಿ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು, ಕಿಟಕಿಯ ಕಡೆ ನೋಡುತ್ತ ಕುಳಿತಳು.

“ಈ ಹಿಟ್ಟು ಬ್ಯಾಡ,” ಎಂದಳು ಕೊನೆಗೆ. “ನಾ ಮನ್ಯಾಗ ಬೀಸಕೊಂಡು ಬರತೇನಿ.”

ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ಚಮನಬಿಯದು ಒಂದೇ ಕೋಣೆಯ ಮನೆ. ಗಂಡ ಗೂಡುಸಾಬ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲನಾಗಿದ್ದ; ತೀರಿಹೋಗಿ ಎಂಟು ವರ್ಷ. ಬೀಸುವ ಕಲ್ಲು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕುಳಿತಿತ್ತು. ಊರಿಗೆ ಗಿರಣಿ ಬಂದ ಮೇಲೆ ಅದಕ್ಕೆ ವರ್ಷಕ್ಕೆ ಒಂದೇ ದಿನದ ಕೆಲಸ. ರಜಬ್ ತಿಂಗಳ ಹನ್ನೊಂದಕ್ಕೆ ಮಗಳು ಬೀಬಿಜಾನಳ ಹೆಸರಿನಲ್ಲಿ ಫಾತೇಹಾದ ಪ್ರಾರ್ಥನೆ ಓದಿಸುವಾಗ, ಮಲೀದಾಕ್ಕೆ ಬೇಕಾದ ಒಂದು ಸೇರು ಗೋಧಿಯನ್ನು ಅವಳು ಇದೇ ಕಲ್ಲಿನಲ್ಲಿ ಬೀಸುತ್ತಿದ್ದಳು. ಸತ್ತವರ ಹೆಸರಿನದನ್ನು ಗಿರಣಿಗೆ ಕೊಡಲು ಮನಸ್ಸು ಬರುತ್ತಿರಲಿಲ್ಲ. ಚಪಾತಿ ಸುಟ್ಟು, ಬಿಸಿಯಿರುವಾಗಲೇ ಬೆಲ್ಲ ತುಪ್ಪ ಹಾಕಿ ಕೈಯಿಂದ ತಿಕ್ಕಿ ಪುಡಿ ಮಾಡಿದ ಮಲೀದಾ. ಓಣಿಯ ಮಕ್ಕಳೆಲ್ಲ ಆ ದಿನಕ್ಕೆ ಕಾಯುತ್ತಿದ್ದರು. ಇಪ್ಪತ್ತೈದು ವರ್ಷ, ಒಂದು ವರ್ಷವೂ ತಪ್ಪಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಕಲ್ಲನ್ನು ಹೊರಗಿನ ಕಟ್ಟೆಗೆ ತಂದು, ಎರಡು ಹೋಳನ್ನೂ ಬೇರೆ ಮಾಡಿ, ಕಸಬರಿಗೆಯ ಕಡ್ಡಿಯಿಂದ ಒಂದೊಂದೇ ಗೀರು ಕೆದಕಿದಳು. ಮೂರು ಸಲ ನೀರು ಹಾಕಿ ತಿಕ್ಕಿ ಬಿಸಿಲಿಗೆ ಇಟ್ಟಳು. ನಡುವಿನ ಗೂಟದ ಸಂದಿಯಿಂದ ಹೋದ ವರ್ಷದ ಒಂದು ಕಾಳು ಗೋಧಿ ಹೊರಗೆ ಬಂತು. ಅಂಗೈಮೇಲಿಟ್ಟುಕೊಂಡು ನೋಡಿದಳು. ಎಷ್ಟು ಸಣ್ಣದು. ನಡುವೆ ಒಂದು ಗೆರೆ, ಅಷ್ಟೇ. ಎದ್ದು ಹೋಗಿ ಓಣಿಯ ಆಚೆಯ ಗಟಾರಕ್ಕೆ ಹಾಕಿ, ಕೈ ತೊಳೆದುಕೊಂಡು ಬಂದಳು.

ಕಲ್ಲು ಒಣಗಿದ ಮೇಲೆ ಒಂದು ಹಿಡಿ ಅಕ್ಕಿ ಬೀಸಿ ಚೆಲ್ಲಿ, ಆಮೇಲೆ ಕೆಲಸಕ್ಕೆ ಕುಳಿತಳು. ಬೇಕರಿಯ ಕೇಕೂ ಗೋಧಿಯದೇ ಆದ್ದರಿಂದ ಅದೂ ಅವಳ ಪಾಲಿಗೇ ಬಂದಿತ್ತು. ಕೇಕಿಗೆ ಅಕ್ಕಿಯ ರವೆ, ಲಾಡುವಿಗೆ ಕಡಲೆಬೇಳೆ, ವಡೆಗೆ ಜೋಳ. ಎದುರುಮನೆಯ ಮುದುಕವ್ವ ಗೋಡೆ ಹಿಡಿದು ಬಂದು ಕಟ್ಟೆಯ ಮೇಲೆ ಕುಳಿತಳು. ಎಂಬತ್ತರ ಹತ್ತಿರದ ಜೀವ. ಕಣ್ಣು ಮಬ್ಬು, ಕಿವಿ ಮಾತ್ರ ಹರಿತ. ಬೀಸುವ ಸಪ್ಪಳ ಕೇಳಿದರೆ ಅವಳಿಗೆ ಮನೆಯೊಳಗೆ ಕೂರಲಾಗದು.

“ಯಾರ ಮನಿ ಮದುವಿಯವಾ ಚಮನಾ? ಗಿರಣಿ ಬಂದ್ ಅದವೇನು?”

ಚಮನಬಿ ಹೇಳಿದಳು. ಸಾಹುಕಾರರ ಮೊಮ್ಮಕ್ಕಳಿಬ್ಬರಿಗೆ ಗೋಧಿ ಆಗಿಬರದು, ತಿಂದರೆ ಹೊಟ್ಟೆ ಉಬ್ಬುತ್ತದೆ, ಸೊರಗುತ್ತವೆ ಎಂದು. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಮುದುಕವ್ವ ಸ್ವಲ್ಪ ಹೊತ್ತು ಕಲ್ಲಿನ ಸದ್ದನ್ನು ಕೇಳುತ್ತ ಕುಳಿತಿದ್ದಳು. ಆಮೇಲೆ, ಎಲ್ಲೋ ದೂರದಲ್ಲಿ ಬಿದ್ದದ್ದನ್ನು ಎತ್ತಿಕೊಳ್ಳುವವಳಂತೆ ಅಂದಳು:

“ನಿನ್ನ ಬೀಬಿ ನಮ್ಮ ಮನ್ಯಾಗ ಜ್ವಾಳದ ನುಚ್ಚು ಉಣತಿತ್ತು. ಗೂಡುಸಾಬ ಕಾಲು ಮುರಕೊಂಡು ಮಲಗಿದ್ನಲ್ಲ, ಆವಾಗ. ಮಜ್ಜಿಗಿ ಹಾಕಿ ಕೊಟ್ರ ಬಟ್ಟಲಾ ನೆಕ್ಕತಿತ್ತು. ನಗತಿತ್ತು ಸೈತ.”

ಕಲ್ಲು ನಿಂತಿತು.

“ನೀ ಬಂದು ಎತಗೊಂಡು ಹೋದಿ,” ಎಂದಳು ಮುದುಕವ್ವ. ಆ ದನಿಯಲ್ಲಿ ದೂರೇನೂ ಇರಲಿಲ್ಲ. ಹಳೆಯ ಸಂಗತಿಗಳನ್ನು ನೆನೆದುಕೊಳ್ಳುವವರ ದನಿ.

ಹೌದು, ಎತ್ತಿಕೊಂಡು ಬಂದಿದ್ದಳು. ಬೇನೆಯ ಕೂಸಿಗೆ ಒರಟು ಜೋಳ ಹಾಕುತ್ತಾರೆಯೇ, ಕರುಳು ಹರಿದುಹೋದೀತು ಎಂದು ಬೈದೂ ಇದ್ದಳು. ಗೂಡುಸಾಬನ ಕಾಲು ಮುರಿದು ಕೂಲಿ ನಿಂತ ಆ ಇಪ್ಪತ್ತು ದಿನ ಮನೆಯಲ್ಲಿ ಗೋಧಿ ಇರಲಿಲ್ಲ. ಆ ಇಪ್ಪತ್ತು ದಿನ ಬೀಬಿಜಾನ ಗೋಡೆ ಹಿಡಿದು ಎದ್ದು ನಿಂತಿತ್ತು. ತಾಯಿತದ ಗುಣವೆಂದು ಅವಳು ತಿಳಿದಿದ್ದಳು. ಆಮೇಲೆ ಗೂಡುಸಾಬ ಕುಂಟುತ್ತಲೇ ಪೇಟೆಗೆ ಹೋದ. ಎಲ್ಲರೂ ಹೊರುವುದಕ್ಕಿಂತ ದಿನಕ್ಕೆ ಎರಡು ಚೀಲ ಹೆಚ್ಚು ಹೊತ್ತು ಗೋಧಿ ತಂದ. ನಮ್ಮ ಕೂಸಿಗೆ ಕಡಿಮೆ ಮಾಡಬಾರದು ಎಂದ. ಇದೇ ಕಲ್ಲಿನಲ್ಲಿ ಅವಳು ರವೆ ಒಡೆದಳು, ಹಾಲು ಬೆಲ್ಲ ಹಾಕಿ ಗಂಜಿ ಮಾಡಿದಳು. ಕೂಸು ಬಾಯಿ ಬಿಗಿಹಿಡಿದು ಮುಖ ತಿರುಗಿಸುತ್ತಿತ್ತು. ಕೆನ್ನೆ ಒತ್ತಿ ಹಿಡಿದು ಬಾಯಿ ತೆರೆಸಿ ಹಾಕಿದಳು. ಗುತ್ತಲದ ಹಕೀಮ, ಹಾವೇರಿಯ ದವಾಖಾನೆಯ ಕೆಂಪು ಔಷಧ, ನೆದರಾಗಿದೆಯೆಂದು ನಿವಾಳಿಸಿದ ಮೆಣಸಿನಕಾಯಿ, ಎಲ್ಲದರ ಜೊತೆಗೂ ಗಂಜಿ. ಸೊರಗಿದಷ್ಟೂ ಹೆಚ್ಚು ಗಂಜಿ. ನಾಲ್ಕು ವರ್ಷ ತುಂಬುವ ಮೊದಲೇ ಕೂಸು ಹೋಯಿತು.

ಅದೇ ರೋಗ ಇದ್ದಿರಬಹುದು, ಇಲ್ಲದಿರಬಹುದು. ಮಣಿಪಾಲದ ನಳಿಗೆಯನ್ನು ಬೀಬಿಜಾನಳ ಹೊಟ್ಟೆಗೆ ಯಾರೂ ಬಿಟ್ಟಿರಲಿಲ್ಲ. ಆದರೆ ಕೆನ್ನೆ ಒತ್ತಿದ ಹೆಬ್ಬೆರಳು ಇದೇ ಕೈಯಲ್ಲಿ ಇತ್ತು, ಕಲ್ಲಿನ ಗೂಟ ಹಿಡಿದುಕೊಂಡು. ಗೂಡುಸಾಬ ಇದ್ದಿದ್ದರೆ ಹೇಳಬಹುದಿತ್ತು. ಇಲ್ಲದ್ದೇ ಚಲೋ ಆಯಿತು, ತನ್ನ ಮಗುವಿಗೆ ಏನೂ ಕಡಿಮೆ ಮಾಡಲಿಲ್ಲವೆಂಬ ಒಂದೇ ಸಮಾಧಾನದಲ್ಲಿ ಕಣ್ಣು ಮುಚ್ಚಿದ ಮನುಷ್ಯ. ಹೇಳಬೇಕಾದವನು ಅವನೊಬ್ಬನೇ, ಹೇಳಬಾರದವನೂ ಅವನೇ.

“ಯಾಕ ನಿಂತತಿ ಕಲ್ಲು?” ಎಂದು ಮುದುಕವ್ವ ಕೇಳಿದಳು.

“ಕೈ ಸೋತದ, ಎವ್ವಾ,” ಎಂದು ಚಮನಬಿ ಮತ್ತೊಂದು ಹಿಡಿ ಅಕ್ಕಿ ಹಾಕಿದಳು. ಮುದುಕವ್ವ ಜರುಗಿ ಬಂದು, ಕಲ್ಲಿನ ಗೂಟಕ್ಕೆ ತನ್ನದೂ ಒಂದು ಕೈ ಹಚ್ಚಿದಳು. ಆ ಕೈಯಲ್ಲಿ ಬಲವೇನೂ ಇರಲಿಲ್ಲ. ಆದರೂ ಕಲ್ಲು ಹಗುರಾಗಿ ತಿರುಗಿತು.

ಭಾನುವಾರ ಚಮನಬಿ ಇಸ್ಮಾಯಿಲಸಾಬರ ಹಿತ್ತಿಲಲ್ಲಿ ಹೊಸದಾಗಿ ಮೂರು ಕಲ್ಲಿನ ಒಲೆ ಹೂಡಿಸಿದಳು. ಒಳಗಿನ ಲಟ್ಟಣಿಗೆ, ತವೆ, ಯಾವುದನ್ನೂ ಮುಟ್ಟಲಿಲ್ಲ. ಜೋಳದ ವಡೆಯನ್ನು ಬಾಳೆಯೆಲೆಯ ಮೇಲೆ ತಟ್ಟಿ ಕರಿದಳು. ಪೂರಿಗಿಂತ ಚೆನ್ನಾಗಿ ಉಬ್ಬಿದವು. ಹೊಸ ಎಣ್ಣೆಯಲ್ಲಿ ಬೂಂದಿ ಕರಿದು ಲಾಡು ಕಟ್ಟಿದಳು. ಕೇಸರಿ ಬಣ್ಣದ ಸಿಹಿ ಅನ್ನ, ಕುರಿಯ ಮಾಂಸದ ಪಲಾವು. ಕೇಕಿನದೇ ಅವಳಿಗೆ ಹೆದರಿಕೆ. ಅಕ್ಕಿರವೆ, ಮೊಟ್ಟೆ, ಸಕ್ಕರೆ, ಕೊಬ್ಬರಿತುರಿ ಕಲೆಸಿ ತುಪ್ಪ ಸವರಿದ ಪಾತೇಲಿಗೆ ಹೊಯ್ದು, ಕೆಳಗೆ ಉಸುಕು ಹಾಕಿ ಸಣ್ಣ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು, ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತಳು. ಸಕೀನಾಬಿ ಎರಡು ಸಲ ಬಂದು ನೋಡಿಹೋದಳು. ಮೂರನೆಯ ಸಲ ಬಂದಾಗ ಮುಚ್ಚಳ ತೆಗೆದಿತ್ತು. ಮೇಲೆಲ್ಲ ಬಂಗಾರದ ಬಣ್ಣ ಹಿಡಿದು, ಏಲಕ್ಕಿಯ ಘಮ ಹಿತ್ತಿಲು ತುಂಬಿತ್ತು. ಸೊಸೆ ಒಳಗೆ ಹೋಗಿ, ಚಾಕುವನ್ನು ಕುದಿಯುವ ನೀರಿನಲ್ಲಿ ಅದ್ದಿ, ಹೊಸ ಬಟ್ಟೆಯಲ್ಲಿ ಸುತ್ತಿ ತಂದಿಟ್ಟಳು.

ನಾಲ್ಕು ಗಂಟೆಗೆ ಮಕ್ಕಳು ಬರತೊಡಗಿದರು. ಬಂದವರ ಕೈಯಲ್ಲೆಲ್ಲ ಕಾಣಿಕೆಯೆಂದು ಒಂದೊಂದು ಬಿಸ್ಕೀಟಿನ ಪುಡಿಕೆ. ಅದನ್ನು ಯಾರೂ ಎಣಿಸಿರಲಿಲ್ಲ. ಬಿಸ್ಕೀಟೆಂದರೆ ಗೋಧಿಯೇ; ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಮನಬಿ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಸಕೀನಾಬಿ ನಗುನಗುತ್ತ ಎಲ್ಲರ ಕೈಯಿಂದ ಪುಡಿಕೆಗಳನ್ನು ಇಸಕೊಂಡು, ಸೆರಗಿನಲ್ಲಿ ತುಂಬಿಕೊಂಡು ಹೋಗಿ ಅಟ್ಟದ ಮೇಲಿಟ್ಟು ಬಂದಳು. ಹಾಗೆ ಬಂದವಳು ಸೀದಾ ಊಟದ ಸಾಲಿಗೆ ಹೋಗಲಿಲ್ಲ. ಮೊದಲು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಳು, ಸೆರಗನ್ನು ಹಿತ್ತಿಲಿಗೆ ಹಿಡಿದು ಝಾಡಿಸಿದಳು. ಅದನ್ನು ನೋಡಿದವಳು ಚಮನಬಿ ಒಬ್ಬಳೇ.

ಪಡಸಾಲೆಯ ಉದ್ದಕ್ಕೂ ಊಟದ ಬಟ್ಟೆ, ದಸ್ತರಖಾನ್ ಹಾಸಿ ಮಕ್ಕಳನ್ನು ಕೂರಿಸಿದರು. ಮುನೀರಾ ನಡುವಿನಲ್ಲಿ, ಅವಳ ಪಕ್ಕದಲ್ಲಿ ಮಾತುಗಾರ್ತಿಯಾದ ಒಬ್ಬಳು ನೆರೆಮನೆಯ ಹುಡುಗಿ. ತಮ್ಮನಾದರೋ ಬಡಿಸುವ ಮೊದಲೇ ಎರಡೂ ಕೈಗೆ ಲಾಡು ಹಿಡಿದಿದ್ದ. ಕೇಕು ಕೊಯ್ದು ತಟ್ಟೆತಟ್ಟೆಗೆ ಇಟ್ಟರು. ಎಲ್ಲ ಮಕ್ಕಳ ಬಾಯಿ ತುಂಬಿತು. ಮುನೀರಾಳ ತಟ್ಟೆಯ ತುಂಡು ಮಾತ್ರ ಹಾಗೆಯೇ ಇತ್ತು. ಅವಳು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತಾಯಿಯನ್ನು ಹುಡುಕುತ್ತಿದ್ದಳು. ಕಂಬದ ಹತ್ತಿರ ನಿಂತಿದ್ದ ಮೈಮುನಾ ತಲೆಯಾಡಿಸಿದಳು. ಹುಡುಗಿಗೆ ಸಾಲಲಿಲ್ಲ, ಮತ್ತೊಮ್ಮೆ ನೋಡಿದಳು. ಮೈಮುನಾ ಚಮನಬಿಯ ಕಡೆ ನೋಡಿದಳು. ಚಮನಬಿ ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೂಂ ಎಂಬಂತೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಹುಡುಗಿ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು.

ಎರಡು ತುತ್ತಾಗಿರಬಹುದು. ಪಕ್ಕದ ಹುಡುಗಿ ತನ್ನ ಲಾಡು ಮುಗಿಸಿ, ಕೈ ಚಾಚಿ, ಮುನೀರಾಳ ತಟ್ಟೆಯಿಂದ ಲಾಡು ಕಸಿದುಕೊಂಡಳು. ಮುನೀರಾ ಬೆರಗಾಗಿ ತಟ್ಟೆಯನ್ನೂ ಅವಳನ್ನೂ ನೋಡಿದಳು. ಅವಳ ಡಬ್ಬಿಯಿಂದ ಯಾರೂ, ಎಂದೂ, ಏನನ್ನೂ ಕಸಿದುಕೊಂಡವರಲ್ಲ. ಆಮೇಲೆ ಬಾಯಿ ತುಂಬ ಕೇಕು ಇಟ್ಟುಕೊಂಡೇ ಗಟ್ಟಿಯಾಗಿ ನಕ್ಕು, ತಾನೂ ಆ ಹುಡುಗಿಯ ತಟ್ಟೆಯ ವಡೆಗೆ ಕೈ ಹಾಕಿದಳು. ಮೈಮುನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಇಸ್ಮಾಯಿಲಸಾಬರು ಗೋಡೆಗೆ ಕಟ್ಟಿದ್ದ ಬಲೂನುಗಳ ಕಡೆ ನೋಡುತ್ತ, ಏನೋ ಕಸ ಬಿತ್ತೆಂಬಂತೆ ಕನ್ನಡಕ ಒರೆಸಿಕೊಂಡರು.

ಎಲ್ಲರದೂ ಆದ ಮೇಲೆ ಸಕೀನಾಬಿ ಚಮನಬಿಗೆ ಹಿತ್ತಿಲ ಬೇವಿನ ನೆರಳಿನಲ್ಲಿ ಚಾಪೆ ಹಾಸಿ, ತಾನೇ ತಟ್ಟೆ ತಂದುಕೊಟ್ಟಳು. ಚಮನಬಿ ಒಂದು ವಡೆ ಮುರಿದಳು, ತಿನ್ನಲಿಲ್ಲ. ಮುನೀರಾ ಎಲ್ಲಿಂದಲೋ ಬಂದು ಎದುರು ನಿಂತು ತಟ್ಟೆಯನ್ನೇ ನೋಡಿದಳು.

“ನಿಮಗೂ ಗೋಧಿ ಆಗಿಬರೂದಿಲ್ಲೇನು, ನಾನಿ?”

ಚಮನಬಿ ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಹುಡುಗಿಗೆ ತಿಳಿಯಲಿಲ್ಲ. ಅವಳ ಕೂದಲು ಕಪ್ಪಗೆ, ದಟ್ಟವಾ­ಗಿ, ಎಣ್ಣೆ ಹಚ್ಚಿ ಎರಡು ಜಡೆ ಹೆಣೆದಿತ್ತು. ಚಮನಬಿ ಒಂದು ಜಡೆಯನ್ನು ಕೈಯಲ್ಲಿ ಹಿಡಿದು, ತುದಿಯ ತನಕ ಸವರಿ ಬಿಟ್ಟಳು. ಹುಡುಗಿ ಓಡಿಹೋದಳು.

ಮರುದಿನ ಮೈಮುನಾ ಸಣ್ಣದೊಂದು ಬೀಸುವ ಕಲ್ಲನ್ನು ಗೋಣಿಯಲ್ಲಿ ಸುತ್ತಿಸಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದಳೆಂದು ಗೋದಾಮಿನಲ್ಲಿ ಸುದ್ದಿಯಾಯಿತು. ಸಾಹುಕಾರನ ಮಗಳು ತವರಿನಿಂದ ಸೀರೆ ಒಯ್ಯುವುದು ಬಿಟ್ಟು ಕಲ್ಲು ಒಯ್ದಳು ಎಂದು ಪ್ರೇಮವ್ವ ನಗಿಸಿದಳು. ಚಮನಬಿಯೂ ಎಲ್ಲರ ಜೊತೆ ನಕ್ಕಳು.

ರಜಬ್ ತಿಂಗಳ ಹನ್ನೊಂದನೆಯ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆ ಜೋಳ ಒಡೆದು, ನೀರು ಕಾಯಿಸಿ, ನುಚ್ಚು ಹಾಕಿ, ತಳ ಹತ್ತದಂತೆ ತಿರುವುತ್ತ ಕುಳಿತಳು. ಹನ್ನೊಂದು ಗಂಟೆಗೆ ಫಕ್ಕೀರಸಾಬರು ಬಂದರು. ಮಸೀದಿಯ ಆ ಮುದುಕರು ಪ್ರತಿ ವರ್ಷವೂ ಬಂದು ಓದಿ, ಒಂದು ಹಿಡಿ ಮಲೀದಾ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗುವವರು. ಚಾಪೆಯ ಮೇಲೆ ಕುಳಿತು ಮುಂದಿದ್ದ ಪರಾತವನ್ನು ನೋಡಿದರು. ಬಿಳಿಯ ನುಚ್ಚು, ಪಕ್ಕದಲ್ಲಿ ಬಟ್ಟಲು ಮಜ್ಜಿಗೆ. ಉದುಬತ್ತಿಯ ಹೊಗೆ ಅದರ ಹಬೆಯೊಡನೆ ಸೇರಿ ಮೇಲೇರುತ್ತಿತ್ತು.

“ಇದೇನು, ಚಮನಬಿ? ಈ ವರ್ಷ ಮಲೀದಾ ಇಲ್ಲೇನು?”

“ಇಲ್ಲರಿ,” ಎಂದಳು ಚಮನಬಿ. “ಆಕಿಗೆ ಗೋಧಿ ಆಗಿಬರೂದಿಲ್ಲ.”

ಫಕ್ಕೀರಸಾಬರು ಅವಳ ಮುಖ ನೋಡಿದರು. ಪರಾತವನ್ನು ತಮ್ಮ ಕಡೆ ಸ್ವಲ್ಪ ಸರಿಸಿಕೊಂಡು, ಎರಡೂ ಕೈ ಬಿಚ್ಚಿ ಹಿಡಿದು, ಎಂದಿಗಿಂತ ನಿಧಾನವಾಗಿ ಓದತೊಡಗಿದರು.

ಅವರು ಹೋದ ಮೇಲೆ ಓಣಿಯ ಮಕ್ಕಳು ಬಾಗಿಲಿಗೆ ಬಂದು ಇಣುಕಿ, ನುಚ್ಚು ಕಂಡು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಚಮನಬಿ ತಟ್ಟೆಯ ತುಂಬ ನುಚ್ಚು, ಒಂದು ಗಿಂಡಿ ಮಜ್ಜಿಗೆ ಹಿಡಿದು ಎದುರುಮನೆಗೆ ಹೋದಳು. ಮುದುಕವ್ವ ಹೊಸ್ತಿಲಲ್ಲಿ ಬಿಸಿಲು ಕಾಯುತ್ತ ಕುಳಿತಿದ್ದಳು. ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಮೂಗಿನ ಹತ್ತಿರ ತಂದು, ಏನೆಂದು ತಿಳಿದುಕೊಂಡಳು. ಚಮನಬಿ ಕೆಳಗಿನ ಮೆಟ್ಟಿಲಲ್ಲಿ ಕುಳಿತು ತಟ್ಟೆಗೆ ಕೈ ಚಾಚಿದಳು.

“ತಡಿಯವಾ, ಬಿಸಿ ಐತಿ,” ಎಂದಳು ಮುದುಕವ್ವ.

ಬೆರಳುಗಳಿಂದ ಅವಳು ನುಚ್ಚನ್ನು ತಟ್ಟೆಯ ಅಂಚಿನ ತನಕ ತೆಳ್ಳಗೆ ಹರಡಿದಳು. ತಲೆ ಬಗ್ಗಿಸಿ, ಸುತ್ತಲೂ ಒಂದು ಸಲ ಊದಿದಳು. ಒಂದು ಸಣ್ಣ ತುತ್ತಿನಷ್ಟನ್ನು ಬೇರೆ ಮಾಡಿ, ಅದರ ಮೇಲಿಷ್ಟು ಮಜ್ಜಿಗೆ ಹಾಕಿ, ಹೆಬ್ಬೆರಳಿನಿಂದ ಮೆತ್ತಗೆ ಹಿಸುಕಿ, ಬಿಸಿ ಆರಿತೋ ಇಲ್ಲವೋ ಎಂದು ತನ್ನ ತುಟಿಗೆ ತಾಗಿಸಿ ನೋಡಿದಳು.